16 ಪದಗಳ ಕವಿತೆಯನ್ನು ನಾನು ಓದಿಸುವ ಬಗೆ

ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಸಾಹಿತ್ಯದ ಪಾಠ ಮಾಡುವ ನನಗೆ ದೀರ್ಘ ಕವಿತೆಗಿಂತ ಚಿಕ್ಕ ಕವಿತೆಯೇ ಹೆಚ್ಚು ಸಿದ್ಧತೆಯನ್ನು ಬೇಡುತ್ತದೆ. 1922ರಲ್ಲಿ ಬಂದ ಟಿ. ಎಸ್. ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ ನಾನೂರು ಸಾಲುಗಳನ್ನು ಮೀರಿದ ಕವಿತೆ. ಅದಕ್ಕೆ ಕವಿಯೇ ಬರೆದ ಟಿಪ್ಪಣಿಗಳಿವೆ, ಹಲವು ಭಾಷೆಗಳ ಉಲ್ಲೇಖಗಳಿವೆ, ಪುರಾಣವಿದೆ, ಉಪನಿಷತ್ತಿನ ‘ದ’ಕಾರವೂ ಇದೆ, ಒಂದೊಂದನ್ನೇ ಬಿಡಿಸುತ್ತ ಹೋದರೆ ಸೆಮಿಸ್ಟರಿನ ಅರ್ಧ ಕಳೆದುಹೋಗುತ್ತದೆ. ಅದರ ಮರುವರ್ಷ, 1923ರಲ್ಲಿ, ಅಮೆರಿಕದ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ಪ್ರಕಟಿಸಿದ ‘ದಿ ರೆಡ್ ವೀಲ್‌ಬ್ಯಾರೋ’ ಎಂಬ ಕವಿತೆಯಲ್ಲಿ ಇರುವುದು 16 ಪದಗಳು ಮಾತ್ರ. ಮಳೆನೀರಿನಿಂದ ಮಿರುಗುತ್ತಿರುವ, ಬಿಳಿ ಕೋಳಿಗಳ ಪಕ್ಕದಲ್ಲಿರುವ ಒಂದು ಕೆಂಪು ಕೈಗಾಡಿಯ ಮೇಲೆ ಎಷ್ಟೋ ಸಂಗತಿ ನಿಂತಿದೆ ಎಂಬುದಷ್ಟೇ ಅದರ ವಾಚ್ಯಾರ್ಥ. ಇದನ್ನು ಹೇಳಿ ಮುಗಿಸಿದ ಕೂಡಲೇ ತರಗತಿಯಿಂದ ‘ಇಷ್ಟೇನಾ ಮೇಡಂ?’ ಎಂಬ ಪ್ರಶ್ನೆ ಬರುತ್ತದೆ. ಈ ಪ್ರಶ್ನೆ ನ್ಯಾಯವಾದದ್ದು ಎಂದೇ ನಾನು ಭಾವಿಸುತ್ತೇನೆ. ಅದಕ್ಕೆ ಉತ್ತರವನ್ನು ನಾನು ಹೇಳದೆ ವಿದ್ಯಾರ್ಥಿಗಳೇ ಕಂಡುಕೊಳ್ಳುವಂತೆ ಮಾಡಲು ಹಲವು ವರ್ಷಗಳಲ್ಲಿ ರೂಢಿಸಿಕೊಂಡ ಓದಿನ ಕ್ರಮವೊಂದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಕವಿಯ ಹೆಸರನ್ನಾಗಲಿ, ಕಾಲವನ್ನಾಗಲಿ, ಶೀರ್ಷಿಕೆಯನ್ನಾಗಲಿ ನಾನು ಹೇಳುವುದಿಲ್ಲ. ಕೇಂಬ್ರಿಜ್‌ನಲ್ಲಿ ಐ. ಎ. ರಿಚರ್ಡ್ಸ್ ವಿದ್ಯಾರ್ಥಿಗಳಿಗೆ ಕವಿಗಳ ಹೆಸರಿಲ್ಲದ ಕವಿತೆಗಳನ್ನು ಕೊಟ್ಟು, ಅವರು ಬರೆದುಕೊಟ್ಟ ಪ್ರತಿಕ್ರಿಯೆಗಳನ್ನು ಪರಿಶೀಲಿಸಿ 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಪ್ರಕಟಿಸಿದ್ದು ಸಾಹಿತ್ಯದ ಅಧ್ಯಾಪಕರೆಲ್ಲರಿಗೂ ಗೊತ್ತಿರುವ ಸಂಗತಿ. ರಿಚರ್ಡ್ಸ್‌ನ ಉದ್ದೇಶ ಓದುಗರು ಎಲ್ಲೆಲ್ಲಿ ಎಡವುತ್ತಾರೆಂದು ತಿಳಿಯುವುದಾಗಿತ್ತು. ನನ್ನ ಉದ್ದೇಶ ಅದಕ್ಕಿಂತ ಸರಳವಾದದ್ದು. ಹೆಸರು ತಿಳಿದ ಕೂಡಲೇ ವಿದ್ಯಾರ್ಥಿಗಳ ಕೈ ಗೈಡಿನ ಕಡೆಗೋ ಮೊಬೈಲಿನ ಕಡೆಗೋ ಹೋಗುತ್ತದೆ, ಅಲ್ಲಿ ಸಿಗುವ ಸಿದ್ಧ ವಾಕ್ಯವು ಕವಿತೆಗೂ ಅವರ ಕಣ್ಣಿಗೂ ನಡುವೆ ಪರದೆಯಾಗಿ ನಿಲ್ಲುತ್ತದೆ. ಆದ್ದರಿಂದ ಹಲಗೆಯ ಮೇಲೆ ಕವಿತೆಯನ್ನು ಬರೆದು, ದಪ್ಪ ಕಾಗದದಿಂದ ಮುಚ್ಚಿ, ಒಂದೊಂದೇ ಸಾಲನ್ನು ತೆರೆಯುತ್ತ ಹೋಗುತ್ತೇನೆ. ಒಂದು ಸಾಲು ತೆರೆದ ಮೇಲೆ ಮುಂದಿನದು ಏನಿರಬಹುದೆಂದು ಕೇಳುತ್ತೇನೆ, ಬಂದ ಉತ್ತರಗಳನ್ನು ಪಕ್ಕದಲ್ಲಿ ಬರೆದಿಡುತ್ತೇನೆ.

ಎಷ್ಟೋ ಸಂಗತಿ ನಿಂತಿದೆ ಎಂಬ ಮೊದಲ ಸಾಲಿಗೆ ಸಾಮಾನ್ಯವಾಗಿ ದೊಡ್ಡ ದೊಡ್ಡ ಉತ್ತರಗಳೇ ಬರುತ್ತವೆ. ದೇವರ ಮೇಲೆ, ಹಣದ ಮೇಲೆ, ತಾಯಿಯ ಮೇಲೆ, ಮಳೆಯ ಮೇಲೆ ಎನ್ನುತ್ತಾರೆ. ಬರಪೀಡಿತ ಜಗಳೂರಿನ ಕಡೆಯಿಂದ ಬರುವವರು ಮಳೆಯನ್ನು ತಪ್ಪದೆ ಹೇಳುತ್ತಾರೆ, ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಎರಡನೆಯ ಸಾಲಿನಲ್ಲಿ ‘ಮೇಲೆ’ ಎಂಬ ಅರ್ಥದ ಒಂದೇ ಪದವಿದ್ದು, ಅಲ್ಲಿಗೆ ಆ ಪದ್ಯಖಂಡ ಮುಗಿಯುತ್ತದೆ. ಯಾವುದರ ಮೇಲೆ ಎಂಬುದು ಖಾಲಿ ಜಾಗವನ್ನು ದಾಟಿದ ನಂತರವೇ ತಿಳಿಯಬೇಕು. ಮುಂದಿನ ಸಾಲು ತೆರೆದಾಗ ‘ಎ ರೆಡ್ ವೀಲ್’, ಅಂದರೆ ಒಂದು ಕೆಂಪು ಗಾಲಿ. ತರಗತಿಯಲ್ಲಿ ಒಬ್ಬರಲ್ಲ ಒಬ್ಬರು ಅದನ್ನು ಸೂರ್ಯನೆಂದೋ ಕಾಲಚಕ್ರವೆಂದೋ ಹೇಳಿಯೇ ಹೇಳುತ್ತಾರೆ. ಆ ಕ್ಷಣಕ್ಕೆ ಆ ಊಹೆಯಲ್ಲಿ ತಪ್ಪಿಲ್ಲ, ಕವಿತೆಯೇ ಅದಕ್ಕೆ ಎಡೆ ಕೊಟ್ಟಿದೆ. ಕಾಗದವನ್ನು ಇನ್ನೊಂದು ಸಾಲು ಇಳಿಸಿದರೆ ‘ಬ್ಯಾರೋ’ ಎಂಬ ಪದ ಬಂದು, ಗಾಲಿ ಎಂದುಕೊಂಡದ್ದು ಗಾಡಿಯ ಒಂದು ಭಾಗವಾಗಿ ಇಳಿಯುತ್ತದೆ. ಒಂದೇ ಪದವಾಗಿ ಬರೆಯಬಹುದಾದದ್ದನ್ನು ಕವಿ ಎರಡು ಸಾಲುಗಳಿಗೆ ಒಡೆದಿದ್ದಾನೆ. ಅದರ ಮುಂದಿನ ಖಂಡದಲ್ಲಿ ಮಳೆನೀರನ್ನೂ ಹಾಗೆಯೇ ‘ರೈನ್’ ಒಂದು ಸಾಲಿನ ಕೊನೆಗೆ, ‘ವಾಟರ್’ ಇನ್ನೊಂದು ಸಾಲಿಗೆ ಎಂದು ಒಡೆದಿದ್ದಾನೆ. ಕೊನೆಯ ಖಂಡದಲ್ಲಿ ಬಿಳಿ ಬಣ್ಣ ಮೊದಲು, ಕೋಳಿಗಳು ಆಮೇಲೆ.

ಈ ಹಂತ ಬಂದಾಗ ನಾನು ಪಾಠವನ್ನು ನಿಲ್ಲಿಸಿ ಎಣಿಕೆ ಮಾಡಿಸುತ್ತೇನೆ. ನಾಲ್ಕು ಖಂಡಗಳು, ಎಂಟು ಸಾಲುಗಳು. ಪ್ರತಿ ಖಂಡದ ಮೊದಲ ಸಾಲಿನಲ್ಲಿ ಮೂರು ಪದ, ಎರಡನೆಯದರಲ್ಲಿ ಒಂದು ಪದ. ಉಚ್ಚಾರಣೆಯ ಸಿಲಬಲ್‌ಗಳನ್ನು ಎಣಿಸಿದರೆ ಮೊದಲ ಸಾಲುಗಳಲ್ಲಿ ಕ್ರಮವಾಗಿ 4, 3, 3, 4 ಇವೆ, ಎರಡನೆಯ ಸಾಲುಗಳಲ್ಲೆಲ್ಲ ಎರಡೆರಡು. ಎಲ್ಲಿಯೂ ದೊಡ್ಡಕ್ಷರವಿಲ್ಲ, ಕೊನೆಯಲ್ಲಿ ಒಂದು ಪೂರ್ಣವಿರಾಮ ಬಿಟ್ಟರೆ ಬೇರೆ ಚಿಹ್ನೆಯೂ ಇಲ್ಲ. ಷಟ್ಪದಿಯ ಮಾತ್ರೆಗಳನ್ನು ಎಣಿಸಿ ಗೊತ್ತಿರುವ ನಮ್ಮ ವಿದ್ಯಾರ್ಥಿಗಳಿಗೆ ಈ ಕೆಲಸ ಹೊಸದಲ್ಲ. ಛಂದಸ್ಸನ್ನು ಕೈಬಿಟ್ಟಿದೆ ಎಂದು ಹೇಳಲಾಗುವ ಕವಿತೆಯಲ್ಲಿ ಇಷ್ಟು ಬಿಗಿಯಾದ ಲೆಕ್ಕವಿದೆ ಎಂಬುದು ಮಾತ್ರ ಅವರಿಗೆ ಹೊಸದು. ಪ್ರತಿ ಖಂಡವೂ ನೋಡಲು ಕೈಗಾಡಿಯ ಆಕಾರದಲ್ಲಿಯೇ ಇದೆ ಎಂದು ಹೇಳುವವರಿದ್ದಾರೆ. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಅದರಿಂದ ಮುಂದೆ ಹೋಗಲು ದಾರಿಯಿಲ್ಲವಾದ್ದರಿಂದ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ.

ನಿಲ್ಲಬೇಕಾದ ಜಾಗ ಬೇರೆ ಇದೆ. ಪ್ರತಿ ಖಂಡದ ಮೊದಲ ಸಾಲು ತನ್ನಷ್ಟಕ್ಕೆ ಪೂರ್ಣವಲ್ಲ, ಅದು ಕೆಳಗಿನ ಒಂದು ಪದದ ಆಸರೆಯನ್ನು ಬೇಡುತ್ತದೆ. ‘ನಿಂತಿದೆ’ ಎಂಬ ಕ್ರಿಯೆಗೆ ‘ಮೇಲೆ’ ಬೇಕು, ಗಾಲಿಗೆ ಗಾಡಿ ಬೇಕು, ಮಳೆಗೆ ನೀರು ಬೇಕು, ಬಿಳಿಗೆ ಕೋಳಿ ಬೇಕು. ಎಷ್ಟೋ ಸಂಗತಿ ಯಾವುದೋ ಒಂದರ ಮೇಲೆ ನಿಂತಿದೆ ಎಂದು ಕವಿತೆ ಬಾಯಿಮಾತಿನಲ್ಲಿ ಹೇಳಿ ಬಿಡುವುದಿಲ್ಲ. ಒಂದು ಇನ್ನೊಂದರ ಮೇಲೆ ನಿಲ್ಲುವುದನ್ನು ಸಾಲುಸಾಲಿನಲ್ಲಿಯೂ ಮಾಡಿ ತೋರಿಸುತ್ತದೆ. ನನ್ನ ಮಟ್ಟಿಗೆ ಈ ಕವಿತೆಯ ಅರ್ಥದ ಗಂಟು ಇಲ್ಲಿದೆ. ಗಾಡಿ ಏನನ್ನು ಸಂಕೇತಿಸುತ್ತದೆ ಎಂಬ ಪ್ರಶ್ನೆಗಿಂತ, ಈ ಸಾಲುಗಳು ಒಂದಕ್ಕೊಂದು ಹೇಗೆ ಆತುಕೊಂಡಿವೆ ಎಂಬ ಪ್ರಶ್ನೆ ನಮ್ಮನ್ನು ಬಹಳ ದೂರ ಕರೆದೊಯ್ಯುತ್ತದೆ.

ಸಂಕೇತವನ್ನು ಹುಡುಕುವ ಚಾಳಿ ನಮ್ಮವರಲ್ಲಿ ಬಲವಾಗಿರುವುದಕ್ಕೆ ಕಾರಣವೂ ಇದೆ. ಕನ್ನಡದ ನವ್ಯಕಾವ್ಯವು ಎಲಿಯಟ್‌ನ ದಾರಿಗೆ ಹತ್ತಿರವಾಗಿ ಬೆಳೆಯಿತು. ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ 1954ರಲ್ಲಿ, ‘ಭೂಮಿಗೀತ’ 1959ರಲ್ಲಿ ಬಂದವು. ಆ ಕವಿತೆಗಳನ್ನು ಓದಲು ಪುರಾಣ, ಪ್ರತಿಮೆ, ವ್ಯಂಗ್ಯ ಇವುಗಳ ತಿಳುವಳಿಕೆ ಅಗತ್ಯವಾಗಿತ್ತು, ನಮ್ಮ ವಿಮರ್ಶೆಯೂ ಅದಕ್ಕೆ ತಕ್ಕ ಉಪಕರಣಗಳನ್ನು ಸಿದ್ಧಪಡಿಸಿಕೊಂಡಿತು. ಆ ಉಪಕರಣಗಳನ್ನು ನಾನು ಗೌರವದಿಂದ ಬಳಸುತ್ತೇನೆ. ಆದರೆ ಆಧುನಿಕ ಕವಿತೆಯ ಇನ್ನೊಂದು ದಾರಿ ವಿಲಿಯಮ್ಸ್‌ನದು. ‘ದಿ ವೇಸ್ಟ್ ಲ್ಯಾಂಡ್’ ಬಂದದ್ದು ತಮ್ಮ ಲೋಕದ ಮೇಲೆ ಅಣುಬಾಂಬು ಬಿದ್ದಂತಾಯಿತು ಎಂಬರ್ಥದ ಮಾತನ್ನು ಅವನು 1951ರ ಆತ್ಮಕಥೆಯಲ್ಲಿ ಬರೆದಿದ್ದಾನೆ. ನೆಲದ ಮಾತಿನಿಂದ, ಕಣ್ಣೆದುರಿನ ವಸ್ತುವಿನಿಂದ ಕವಿತೆ ಕಟ್ಟಲು ಹೊರಟಿದ್ದವನಿಗೆ, ಗ್ರಂಥಭಂಡಾರವನ್ನು ಬೆನ್ನಿಗಿಟ್ಟುಕೊಂಡ ಕವಿತೆಯೊಂದು ತನ್ನ ಕೆಲಸವನ್ನು ಇಪ್ಪತ್ತು ವರ್ಷ ಹಿಂದಕ್ಕೆ ತಳ್ಳಿತೆಂದು ಅನ್ನಿಸಿತ್ತು. ಅಂಥವನ ಕವಿತೆಗೆ ಎಲಿಯಟ್‌ನ ಬೀಗದ ಕೈ ಹಾಕಿ ತಿರುಗಿಸುವುದು ಸರಿಯಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ಮನವರಿಕೆ ಮಾಡಿಕೊಡಲು ನಾನು ಸಾಕಷ್ಟು ಸಮಯ ತೆಗೆದುಕೊಳ್ಳುತ್ತೇನೆ.

ಇಲ್ಲಿ ನಮ್ಮ ಕಾವ್ಯಮೀಮಾಂಸೆಯೇ ನೆರವಿಗೆ ಬರುತ್ತದೆ. ವಸ್ತುವನ್ನು ಇದ್ದಂತೆ ಹೇಳುವುದು ಕಾವ್ಯವಾಗುತ್ತದೆಯೇ ಎಂಬುದು ಬಹಳ ಹಳೆಯ ಜಗಳ. ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಅಲಂಕಾರಗಳನ್ನು ಹೇಳಲು ತೊಡಗಿದಾಗ ಸ್ವಭಾವೋಕ್ತಿಗೇ ಮೊದಲ ಸ್ಥಾನ ಕೊಟ್ಟನು; ‘ವಕ್ರೋಕ್ತಿಜೀವಿತ’ವನ್ನು ಬರೆದ ಕುಂತಕನು ಸ್ವಭಾವೋಕ್ತಿಯನ್ನು ಅಲಂಕಾರವೆಂದೇ ಒಪ್ಪಲಿಲ್ಲ. ವಸ್ತುವಿನ ಸ್ವಭಾವವೇ ಅಲಂಕಾರವಾಗಿಬಿಟ್ಟರೆ ಅಲಂಕಾರಕ್ಕೆ ಒಳಗಾಗುವುದು ಯಾವುದು ಎಂಬುದು ಅವನ ಆಕ್ಷೇಪ. 9ನೆಯ ಶತಮಾನದ ನಮ್ಮ ‘ಕವಿರಾಜಮಾರ್ಗ’ವು ಬಹುಮಟ್ಟಿಗೆ ದಂಡಿಯ ಜಾಡಿನಲ್ಲಿ ನಡೆದಿರುವುದರಿಂದ ಕನ್ನಡ ಐಚ್ಛಿಕವನ್ನು ಓದುವ ವಿದ್ಯಾರ್ಥಿಗಳಿಗೆ ಈ ಚರ್ಚೆ ಅಪರಿಚಿತವಲ್ಲ. ನಾನು ಅವರನ್ನು ಎರಡು ಗುಂಪಾಗಿ ಕೂರಿಸಿ, ಒಂದು ಗುಂಪಿಗೆ ದಂಡಿಯ ಪಕ್ಷವನ್ನೂ ಇನ್ನೊಂದಕ್ಕೆ ಕುಂತಕನ ಪಕ್ಷವನ್ನೂ ವಹಿಸಿ, ಈ ಕೈಗಾಡಿಯ ಕವಿತೆಯ ಮೇಲೆ ವಾದ ಮಾಡಿಸುತ್ತೇನೆ. ಕುಂತಕನ ಪಕ್ಷದವರು ಬೇಗ ಗೆಲ್ಲುತ್ತಾರೆ ಎನ್ನಿಸುತ್ತದೆ, ಏಕೆಂದರೆ ಇಲ್ಲಿ ಉಪಮೆಯಿಲ್ಲ, ರೂಪಕವೂ ಇಲ್ಲ. ಆದರೆ ಸಾಲು ಮುರಿಯುವ ರೀತಿಯೇ ಒಂದು ವಕ್ರತೆ, ಅಂದರೆ ಕುಂತಕನು ಕಾವ್ಯದ ಜೀವವೆಂದ ವಿಶೇಷವಾದ ಹೇಳುವ ಬಗೆ, ಎಂದು ಅದೇ ಗುಂಪಿನಲ್ಲಿ ಯಾರಾದರೂ ಎತ್ತಿ ಹೇಳಿದರೆ ವಾದವು ತಲೆಕೆಳಗಾಗಿ, ಕುಂತಕನೇ ಈ ಕವಿತೆಯನ್ನು ಕಾವ್ಯವೆಂದು ಎತ್ತಿಹಿಡಿಯುವ ಸ್ಥಿತಿ ಬರುತ್ತದೆ. ಈ ವಾದವನ್ನು ನಾನು ತೀರ್ಮಾನಕ್ಕೆ ತರುವುದಿಲ್ಲ. ಎರಡೂ ಕಡೆಯವರು ತಮ್ಮ ಮಾತಿಗೆ ಆಧಾರವಾಗಿ ಮತ್ತೆ ಮತ್ತೆ ಅದೇ ಎಂಟು ಸಾಲುಗಳಿಗೆ ಹಿಂತಿರುಗಬೇಕಾಗುತ್ತದೆ, ನನಗೆ ಬೇಕಾದದ್ದು ಅದೇ.

ಇನ್ನು ವ್ಯಾಖ್ಯಾನಗಳ ಪರೀಕ್ಷೆ. ಯಾವ ವ್ಯಾಖ್ಯಾನವನ್ನೂ ನಾನು ಆರಂಭದಲ್ಲಿ ತಿರಸ್ಕರಿಸುವುದಿಲ್ಲ, ಆದರೆ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕುತ್ತೇನೆ: ಈ ಅರ್ಥವನ್ನು ಒಪ್ಪಿಕೊಂಡರೆ ಕವಿತೆಯ ಯಾವ ಪದ ಕೆಲಸವಿಲ್ಲದೆ ಉಳಿಯುತ್ತದೆ? 16 ಪದಗಳಲ್ಲಿ ಒಂದು ವ್ಯರ್ಥವಾದರೂ ಅದು ದೊಡ್ಡ ನಷ್ಟ. ದುಡಿಮೆಯ ವ್ಯಾಖ್ಯಾನ ನಮ್ಮ ಊರಿನಲ್ಲಿ ಸಹಜವಾಗಿ ಬರುತ್ತದೆ. ಎಪಿಎಂಸಿ ಪ್ರಾಂಗಣದಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರ ಮಕ್ಕಳು, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರ ಮಕ್ಕಳು ನನ್ನ ತರಗತಿಯಲ್ಲಿ ಕೂರುತ್ತಾರೆ. ಒಂದು ತಳ್ಳುಗಾಡಿಯ ಮೇಲೆ ಒಂದು ಮನೆ ನಿಂತಿರುತ್ತದೆ ಎಂಬುದನ್ನು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ. ಈ ಓದು ‘ಎಷ್ಟೋ ಸಂಗತಿ’ ಎಂಬ ಮಾತಿಗೆ ಗಟ್ಟಿಯಾದ ನೆಲೆಯನ್ನು ಕೊಡುತ್ತದೆ, ಅದನ್ನು ಹಗುರವಾಗಿ ಕಾಣುವುದು ಸಾಧ್ಯವಿಲ್ಲ. ಆದರೂ ನಮ್ಮ ಪ್ರಶ್ನೆಯನ್ನು ಹಾಕಿದಾಗ, ಕವಿತೆಯೊಳಗಿನ ಗಾಡಿ ಚಲಿಸುತ್ತಿಲ್ಲ, ಅದರಲ್ಲಿ ಹೇರು ಇದೆಯೆಂದು ಹೇಳಿಲ್ಲ, ಅದನ್ನು ಹಿಡಿದ ಕೈ ಕಾಣುವುದಿಲ್ಲ ಎಂಬುದು ಎದ್ದು ಬರುತ್ತದೆ. ದುಡಿಮೆಯ ಬಗ್ಗೆಯೇ ಕವಿತೆ ಇದ್ದಿದ್ದರೆ ನೀರಿನ ಮೆರುಗಿಗೂ ಬಿಳಿಯ ಬಣ್ಣಕ್ಕೂ ಅಲ್ಲಿ ಏನು ಕೆಲಸ? ಹಾಗೆಂದು ಬಣ್ಣಗಳನ್ನೇ ಹಿಡಿದು ಇದೊಂದು ಚಿತ್ರ, ಮತ್ತೇನೂ ಅಲ್ಲ ಎನ್ನುವ ಓದಿಗೂ ತೊಡಕಿದೆ. ವಿಲಿಯಮ್ಸ್‌ಗೆ ಚಿತ್ರಕಾರರ ಗೆಳೆತನವಿತ್ತು, ಈ ಕವಿತೆಯಿರುವ ಪುಸ್ತಕ ಚಾರ್ಲ್ಸ್ ಡೆಮತ್ ಎಂಬ ಚಿತ್ರಕಾರನಿಗೇ ಅರ್ಪಿತವಾಗಿದೆ, ಕೆಂಪು–ಬಿಳಿಗಳ ಜೋಡಣೆ ಚಿತ್ರಕಾರನ ಕಣ್ಣಿನದೇ. ಆದರೆ ಶುದ್ಧ ಚಿತ್ರಕ್ಕೆ ಮೊದಲ ಖಂಡದ ಅಗತ್ಯವಿರಲಿಲ್ಲ. ಎಷ್ಟೋ ಸಂಗತಿ ನಿಂತಿದೆ ಎಂಬ ನಾಲ್ಕು ಪದಗಳನ್ನು ತೆಗೆದುಬಿಟ್ಟರೆ ಚಿತ್ರ ಉಳಿಯುತ್ತದೆ, ಕವಿತೆ ಉಳಿಯುವುದಿಲ್ಲ. ತೆಗೆದು ಓದಿ ನೋಡಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಆ ಮಾತಿನ ಭಾರವಿಲ್ಲದಿದ್ದರೆ ನಾವು ಗಾಡಿಯ ಮುಂದೆ ನಿಲ್ಲುತ್ತಲೇ ಇರಲಿಲ್ಲ ಎಂಬುದು ಅವರಿಗೆ ಆಗಲೇ ತಿಳಿಯುತ್ತದೆ.

ಈ ಪರೀಕ್ಷೆಯ ನಡುವೆ ನನಗೆ ಬಹಳ ಬೆಲೆಯುಳ್ಳದ್ದೆಂದು ತೋರಿದ ಮಾತು ಜಗಳೂರು ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬಳದು. ಕವಿತೆಯಲ್ಲಿ ಕಾಲದ ಸೂಚನೆಯೇ ಇಲ್ಲ ಎಂದು ಎಲ್ಲರೂ ಒಪ್ಪಿಕೊಂಡಿದ್ದಾಗ ಅವಳು, ‘ಮಳೆ ನಿಂತೈತಿ ಮೇಡಂ, ಮಳೆ ಸುರಿಯೋವಾಗ ಕೋಳಿ ಅಂಗಳದಾಗ ನಿಲ್ಲಲ್ಲ’ ಎಂದಳು. ನಾನು ಓದಿದ ವ್ಯಾಖ್ಯಾನಗಳಲ್ಲಿ ಈ ಮಾತು ನನಗೆ ಸಿಕ್ಕಿರಲಿಲ್ಲ, ಆದರೆ ಕವಿತೆಯೊಳಗೆ ಇದಕ್ಕೆ ಬೇಕಾದ ಸಾಕ್ಷಿಯೆಲ್ಲ ಇದೆ. ಗಾಡಿಯ ಮೇಲೆ ನೀರು ಇನ್ನೂ ಆರಿಲ್ಲ, ಕೋಳಿಗಳು ಆಗಲೇ ಹೊರಗೆ ಬಂದಿವೆ. ಅಂದರೆ ಮಳೆ ನಿಂತು ಬಿಸಿಲು ಅದನ್ನು ಒಣಗಿಸುವ ಮುಂಚಿನ ತುಂಡು ಹೊತ್ತು ಅದು. ನೀರು ಆರಿದರೆ ಕೆಂಪಿನ ಮೆರುಗು ಹೋಗುತ್ತದೆ, ಕೋಳಿಗಳು ಕೆದಕುತ್ತ ಬೇರೆಡೆಗೆ ಸರಿಯುತ್ತವೆ. ಈಗ ಪಕ್ಕಪಕ್ಕದಲ್ಲಿ ಇರುವುದು ಇನ್ನು ಸ್ವಲ್ಪ ಹೊತ್ತಿಗೆ ಹೀಗಿರುವುದಿಲ್ಲ. ಗಾಡಿಯನ್ನು ಮಳೆಗೆ ಮುಂಚೆ ಒಳಗೆ ಎಳೆದಿಡದೆ ಬಿಟ್ಟವರು ಯಾರೋ ಇದ್ದಾರೆ ಎಂಬುದೂ ಇದರಿಂದಲೇ ಹೊಳೆಯುತ್ತದೆ. ಮನುಷ್ಯರಿಲ್ಲದ ಕವಿತೆ ಎಂದು ಅಂದುಕೊಂಡಿದ್ದರಲ್ಲಿ ಒಬ್ಬ ಮನುಷ್ಯ ಹೀಗೆ ಮರೆಯಲ್ಲಿ ನಿಂತಿದ್ದಾನೆ. ಕೋಳಿಗಳಿಗೆ ಕೆಲಸ ಕೊಡದ ವ್ಯಾಖ್ಯಾನಗಳೇ ಹೆಚ್ಚಾಗಿರುವಾಗ, ಇಡೀ ಕವಿತೆಯ ಕಾಲವನ್ನು ಕೋಳಿಗಳಿಂದಲೇ ತೆಗೆದ ಈ ಓದನ್ನು ನಾನು ಆಮೇಲಿನ ಪ್ರತಿ ತರಗತಿಗೂ ಹೇಳುತ್ತ ಬಂದಿದ್ದೇನೆ.

ಇಷ್ಟಾದ ಮೇಲೆಯೇ ನಾನು ಕವಿಯ ಹೆಸರನ್ನೂ ಹಿನ್ನೆಲೆಯನ್ನೂ ಹೇಳುವುದು. ವಿಲಿಯಮ್ಸ್ (1883–1963) ನ್ಯೂಜೆರ್ಸಿಯ ರುದರ್‌ಫರ್ಡ್ ಎಂಬ ಊರಿನಲ್ಲಿ ವೈದ್ಯನಾಗಿದ್ದವನು, ರೋಗಿಗಳ ನಡುವೆ ಬಿಡುವು ಸಿಕ್ಕಾಗ ಟೈಪ್‌ರೈಟರಿನ ಮುಂದೆ ಕೂತು ಬರೆಯುತ್ತಿದ್ದವನು. ಈ ಕವಿತೆ ಮೊದಲು ಬಂದದ್ದು ‘ಸ್ಪ್ರಿಂಗ್ ಅಂಡ್ ಆಲ್’ ಎಂಬ, ಗದ್ಯ ಪದ್ಯಗಳು ಬೆರೆತ ಪುಸ್ತಕದಲ್ಲಿ. ಅದು ಫ್ರಾನ್ಸಿನ ಡಿಜಾನ್‌ನಲ್ಲಿ ಸುಮಾರು 300 ಪ್ರತಿಗಳಷ್ಟೇ ಅಚ್ಚಾಗಿತ್ತು. ಅಲ್ಲಿ ಕವಿತೆಗೆ ಶೀರ್ಷಿಕೆ ಇರಲಿಲ್ಲ, 22 ಎಂಬ ರೋಮನ್ ಅಂಕಿ ಮಾತ್ರ ಇತ್ತು. ಕೆಂಪು ಕೈಗಾಡಿ ಎಂಬ ಹೆಸರು ಆಮೇಲೆ ಅಂಟಿಕೊಂಡಿತು. ಇದು ಸಣ್ಣ ಸಂಗತಿಯಲ್ಲ. ಶೀರ್ಷಿಕೆ ಮೊದಲೇ ಕಂಡರೆ ‘ಯಾವುದರ ಮೇಲೆ’ ಎಂಬ ಕಾಯುವಿಕೆಗೆ ಅರ್ಥವೇ ಉಳಿಯುವುದಿಲ್ಲ, ಗಾಲಿಯು ಗಾಡಿಯಾಗಿ ಇಳಿಯುವ ಕ್ಷಣವೂ ಕೈತಪ್ಪುತ್ತದೆ. ಪಠ್ಯಪುಸ್ತಕಗಳಲ್ಲಿ ಶೀರ್ಷಿಕೆಯನ್ನು ದಪ್ಪಕ್ಷರದಲ್ಲಿ ಮುದ್ರಿಸುವುದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಸುತ್ತಲಿನ ಗದ್ಯದಲ್ಲಿ ಕವಿ ಕಲ್ಪನಾಶಕ್ತಿಯ ಬಗ್ಗೆಯೇ ವಾದಿಸುತ್ತಾನೆ. ಕಲೆಯು ವಾಸ್ತವದ ನಕಲಾಗಬಾರದು, ತಾನೇ ಒಂದು ವಾಸ್ತವವಾಗಬೇಕು ಎಂಬುದು ಅವನ ನಿಲುವು. ಸಾಲುಗಳ ಆತುಕೊಳ್ಳುವಿಕೆಯನ್ನು ಮೊದಲೇ ಗಮನಿಸಿರುವ ವಿದ್ಯಾರ್ಥಿಗಳಿಗೆ ಈ ನಿಲುವನ್ನು ಬೇರೆಯಾಗಿ ವಿವರಿಸುವ ಅಗತ್ಯ ಬೀಳುವುದಿಲ್ಲ.

ಕವಿತೆ ಹುಟ್ಟಿದ ಬಗ್ಗೆ ಒಂದು ಕಥೆ ಬಹಳ ಪ್ರಚಾರದಲ್ಲಿದೆ. ಸಾವಿನಂಚಿನಲ್ಲಿದ್ದ ಮಗುವೊಂದಕ್ಕೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯನು ಕಿಟಕಿಯಿಂದ ಈ ದೃಶ್ಯವನ್ನು ಕಂಡನೆಂದೂ, ನಿಂತಿದ್ದದ್ದು ಆ ಮಗುವಿನ ಜೀವವೆಂದೂ ಗೈಡುಗಳಲ್ಲಿ ಓದಲು ಸಿಗುತ್ತದೆ. ಕೇಳಲು ಮನಕರಗಿಸುವ ಕಥೆ ಅದು, ಆದರೆ ಕವಿಯೇ ಹೇಳಿದ ಮೂಲ ಬೇರೆ. ಮಾರ್ಷಲ್ ಎಂಬ ಹೆಸರಿನ, ಹಿಂದೆ ಮೀನುಗಾರನಾಗಿದ್ದ ವೃದ್ಧ ಕಪ್ಪು ಮನುಷ್ಯನೊಬ್ಬನ ಹಿತ್ತಿಲಿನಲ್ಲಿ ಆ ಗಾಡಿಯನ್ನೂ ಕೋಳಿಗಳನ್ನೂ ಕಂಡೆನೆಂದೂ, ಅವನ ಮೇಲಿದ್ದ ಅಕ್ಕರೆ ಹೇಗೋ ಬರಹದೊಳಗೆ ಸೇರಿಕೊಂಡಿರಬೇಕೆಂದೂ ವಿಲಿಯಮ್ಸ್ ನಂತರದ ವರ್ಷಗಳಲ್ಲಿ ಬರೆದನು. ಆ ಮನುಷ್ಯ ರುದರ್‌ಫರ್ಡ್‌ನ ನಿವಾಸಿ ಥ್ಯಾಡಿಯಸ್ ಮಾರ್ಷಲ್ ಎಂದು ಸಂಶೋಧಕರು ಗುರುತಿಸಿದ ಮೇಲೆ 2015ರಲ್ಲಿ, ಗುರುತಿಲ್ಲದೆ ಇದ್ದ ಅವನ ಸಮಾಧಿಗೆ ಒಂದು ಕಲ್ಲನ್ನು ಇರಿಸಲಾಯಿತು. ಮಳೆಯಲ್ಲಿ ಗಾಡಿ ಬಿಟ್ಟವರು ಯಾರೋ ಇದ್ದಾರೆ ಎಂದು ಆಗಲೇ ಊಹಿಸಿದ್ದ ತರಗತಿ ಈ ಹೆಸರನ್ನು ಕೇಳಿದಾಗ ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಆದರೂ ಈ ಮಾಹಿತಿಯನ್ನು ಅರ್ಥದ ಜಾಗದಲ್ಲಿ ಕೂರಿಸಬಾರದೆಂದು ನಾನು ಒತ್ತಿ ಹೇಳುತ್ತೇನೆ. ಅಕ್ಕರೆ ಬರಹದಲ್ಲಿ ಇರುವುದಾದರೆ ಅದು ಪ್ರತಿ ವಸ್ತುವಿಗೂ ಒಂದೊಂದು ಸಾಲನ್ನು ಬಿಟ್ಟುಕೊಟ್ಟು, ಅವಸರವಿಲ್ಲದೆ ನೋಡಿದ ಆ ನಿಧಾನದಲ್ಲಿ ಇದೆ. ಮಾರ್ಷಲ್‌ನ ಹೆಸರು ಗೊತ್ತಿಲ್ಲದವರಿಗೂ ಅದು ಸಿಗುವಂಥದ್ದು.

ಪರೀಕ್ಷೆಯ ಉತ್ತರವನ್ನು ಬರೆಯುವ ಕ್ರಮವನ್ನೂ ಇದಕ್ಕೆ ಹೊಂದುವಂತೆ ಹೇಳಿಕೊಡುತ್ತೇನೆ. ಕವಿಪರಿಚಯದಿಂದ ಆರಂಭಿಸಿ ಎರಡು ಪುಟ ತುಂಬಿಸುವ ರೂಢಿಯನ್ನು ಬಿಟ್ಟು, ಮೊದಲು ವಾಚ್ಯಾರ್ಥವನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು. ಆಮೇಲೆ ಸಾಲುಗಳ ರಚನೆ, ಅದರಿಂದ ಏನಾಗುತ್ತದೆ ಎಂಬುದು, ಬೇರೆ ಓದುಗಳನ್ನು ಏಕೆ ಒಪ್ಪಿದೆ ಅಥವಾ ಏಕೆ ಬಿಟ್ಟೆ ಎಂಬುದು ಬರಬೇಕು. ಕವಿಯ ಜೀವನದ ಸಂಗತಿ ಕೊನೆಗೆ ಎರಡು ಮೂರು ವಾಕ್ಯದಲ್ಲಿ ಬಂದರೆ ಸಾಕು. ಮೌಲ್ಯಮಾಪನ ಮಾಡುವವರು ಎಲ್ಲರೂ ಇದನ್ನು ಮೆಚ್ಚುತ್ತಾರೆಂದು ಭರವಸೆ ಕೊಡಲಾರೆ, ಆದರೆ ಹೀಗೆ ಬರೆದ ಉತ್ತರಗಳಲ್ಲಿ ಬರೆದವರ ಸ್ವಂತ ಬುದ್ಧಿ ಕಾಣುತ್ತದೆ.

ಮುಂದಿನ ವಾರ ಎಜ್ರಾ ಪೌಂಡ್‌ನ, 1913ರಲ್ಲಿ ಷಿಕಾಗೋದ ‘ಪೊಯೆಟ್ರಿ’ ಪತ್ರಿಕೆಯಲ್ಲಿ ಬಂದ, ಪ್ಯಾರಿಸ್ಸಿನ ಮೆಟ್ರೋ ನಿಲ್ದಾಣದ ಎರಡು ಸಾಲಿನ ಕವಿತೆಯನ್ನು ಇದೇ ಕ್ರಮಕ್ಕೆ ಒಡ್ಡುತ್ತೇನೆ. ಮೊದಲು ಮೂವತ್ತು ಸಾಲು ಬರೆದು ಹರಿದುಹಾಕಿ, ಮತ್ತೆ ಅರ್ಧಕ್ಕೆ ಇಳಿಸಿ, ಕೊನೆಗೆ ಒಂದೇ ವಾಕ್ಯಕ್ಕೆ ತಂದೆನೆಂದು ಪೌಂಡನೇ ಬರೆದಿದ್ದಾನೆ. ಇಲ್ಲಿ ಎಲ್ಲವೂ ತಿರುಗುಮುರುಗಾಗುತ್ತದೆ. ಗುಂಪಿನಲ್ಲಿ ಮೂಡುವ ಮುಖಗಳು, ಒದ್ದೆಯಾದ ಕಪ್ಪು ಕೊಂಬೆಯ ಮೇಲಿನ ಎಸಳುಗಳು. ಎರಡನ್ನೂ ಅಕ್ಕಪಕ್ಕ ಇಟ್ಟು, ‘ಹಾಗೆ’ ಎಂಬ ಮಾತನ್ನು ಕವಿ ನುಂಗಿಬಿಟ್ಟಿದ್ದಾನೆ. ಹಿಂದೊಮ್ಮೆ ಶೀರ್ಷಿಕೆಯನ್ನು ಮುಚ್ಚಿಟ್ಟು ಸಾಲುಗಳನ್ನು ಮಾತ್ರ ತೋರಿಸಿದಾಗ, ದುಗ್ಗಮ್ಮನ ಜಾತ್ರೆಯ ಗುಂಪೂ ಆಗಬಹುದಲ್ಲ ಮೇಡಂ ಎಂದು ಒಬ್ಬ ಹುಡುಗ ಕೇಳಿದನು. ಸಾಲುಗಳಷ್ಟನ್ನೇ ನೋಡಿದರೆ ಅವನ ಮಾತನ್ನು ಅಲ್ಲಗಳೆಯಲು ಬರುವುದಿಲ್ಲ. ನೆಲದಡಿಯ ನಿಲ್ದಾಣ ಎಂದು ಶೀರ್ಷಿಕೆ ಹೇಳಿದ ಮೇಲೆಯೇ ಆ ಕೊಂಬೆಯ ಕಪ್ಪಿಗೆ ಆಧಾರ ಸಿಗುತ್ತದೆ, ಮುಖಗಳು ಕತ್ತಲಿನಿಂದ ಎದ್ದು ಬರುತ್ತವೆ. ವಿಲಿಯಮ್ಸ್‌ನ ಕವಿತೆಗೆ ಶೀರ್ಷಿಕೆ ತೊಡಕಾದರೆ ಪೌಂಡ್‌ನ ಕವಿತೆಗೆ ಅದೇ ಮೊದಲ ಸಾಲು. ಆದ್ದರಿಂದ ಇದನ್ನು ಹಲಗೆಯ ಮೇಲೆ ಬರೆಯುವಾಗ ಶೀರ್ಷಿಕೆಯನ್ನೂ ಉಳಿದ ಸಾಲುಗಳ ಅಳತೆಯಲ್ಲಿಯೇ ಬರೆದು, ಕಾಗದವನ್ನು ಅಲ್ಲಿಂದಲೇ ಕೆಳಗೆ ಸರಿಸಲು ಆರಂಭಿಸುತ್ತೇನೆ.